ಬ್ಯಾಂಕಾಕ್ ನಗರದ ಪೇಟೆಗಳೂ ಚೌಕಾಸಿಯ ವ್ಯಾಪಾರವೂ

ಪೇಟೆಗೆ ಹೋದ ಗಿರಾಕಿಯು ಅಗ್ಗವಾಗಿ ಕೊಳ್ಳಲು ಯತ್ನಿಸುವುದೂ, ಸರಕನ್ನು ತಂದವನು ಹೇಳಿದ ಬೆಲೆಯನ್ನು ಬಿಡದಿರಲು ಯತ್ನಿಸುವುದೂ ಎಲ್ಲ ದೇಶಗಳಲ್ಲಿಯೂ ನಡೆದುಬಂದ ಪದ್ಧತಿಯಾಗಿದೆ. ಈ ಜಗ್ಗಾಟದಲ್ಲಿ ಬಹುಮಟ್ಟಿಗೆ ಸೋಲತಕ್ಕವನು ಬೆಳೆದ ರೈತನೇ ಎಂಬುದು ಗ್ರಾಮದ ಹಿರಿಯರಿಗೂ ಹಿಡುವಳಿದಾರರಿಗೂ ತಿಳಿಯದ ಸಂಗತಿಯಲ್ಲ. ಸೋಲಿಗೆ ಕಾರಣವು ರೈತನ ಮಾತಿನ ಅಸಾಮರ್ಥ್ಯವೆಂದು ಅನೇಕರು ಭಾವಿಸುವರು. ಈ ಭಾವನೆಯು ಸರಿಯಾದುದಲ್ಲ. ಬೆಲೆಯು ಇಳಿಯುವುದಕ್ಕೂ ನಿಲ್ಲುವುದಕ್ಕೂ ಮಾತಿಗಿಂತ ಬಲವಾದ ಬೇರೆ ಕಾರಣಗಳುಂಟು. ಆ ಕಾರಣಗಳನ್ನು ಒಂದೇ ದಿವಸದಲ್ಲಿ ಕಣ್ಣಾರೆ ಕಾಣಬೇಕಾದರೆ ಥೈಲೆಂಡ್ ದೇಶದ ರಾಜಧಾನಿಯಾದ ಬ್ಯಾಂಕಾಕ್ ನಗರದ ಪೇಟೆಗಳು ಅತ್ಯಂತ ಅನುಕೂಲವಾಗಿವೆ. ಅಲ್ಲಿ ಚೌಕಾಸಿಯಿಲ್ಲದೆ ಏನೂ ಮಾರಾಟವಾಗದ ಪೇಟೆಯೂ ಉಂಟು. ಚೌಕಾಸಿಯ ಮಾತೇ ಹುಟ್ಟದ ಪೇಟೆಯೂ ಉಂಟು. ಇವೆರಡರ ನಡುವೆ ಅಡ್ಡವಿರುವುದು ಒಂದು ರಸ್ತೆ ಮಾತ್ರ.

ನಗರದ ಸ್ಥಿತಿ

ಬ್ಯಾಂಕಾಕ್ ನಗರವು 1782ರಲ್ಲಿ ಒಂದನೆಯ ರಾಮನೆಂಬ ದೊರೆಯ ಕಾಲದಲ್ಲಿ ರಾಜಧಾನಿಯಾಯಿತು. ಚಾವೊ ಪ್ರಯಾ ಎಂಬ ಮಹಾನದಿಯ ದಡದಲ್ಲಿರುವ ಈ ನಗರದಲ್ಲಿ ಹಿಂದೆ ಬೀದಿಗಳಿಗಿಂತ ಕಾಲುವೆಗಳೇ ಹೆಚ್ಚಾಗಿದ್ದುವು. ತೋಟಗಳಿಂದ ಹಣ್ಣು, ತರಕಾರಿ, ಹೂವುಗಳು ದೋಣಿಗಳ ಮೇಲೆ ಬರುತ್ತಿದ್ದುದರಿಂದ ಕಾಲುವೆಗಳು ನದಿಯನ್ನು ಕೂಡುವ ಸ್ಥಳಗಳಲ್ಲಿ ಪೇಟೆಗಳು ಬೆಳೆದುವು. ಕಾಲಕ್ರಮದಲ್ಲಿ ಅನೇಕ ಕಾಲುವೆಗಳನ್ನು ಮುಚ್ಚಿ ರಸ್ತೆಗಳನ್ನು ಮಾಡಿದ್ದಾರೆ. ಈಗ ಸರಕೆಲ್ಲವೂ ಮೋಟಾರು ಲಾರಿಗಳಲ್ಲಿ ಬರುತ್ತದೆ. ಸಗಟು ವ್ಯಾಪಾರದ ಬಹುಭಾಗವು ನಗರದ ಉತ್ತರಕ್ಕಿರುವ ಪಥುಮ್ ಥಾನಿ ಪ್ರಾಂತದಲ್ಲಿ 1997ರಲ್ಲಿ ತೆರೆದ ತಲಾತ್ ಥಾಯ್ ಎಂಬ ಪೇಟೆಯಲ್ಲಿ ನಡೆಯುವುದು. ಅದರ ವಿಸ್ತೀರ್ಣವು ಸುಮಾರು 500 ರಾಯ್, ಎಂದರೆ ಸುಮಾರು 200 ಎಕರೆ. ಆದರೆ ಗಿರಾಕಿಗೂ ಮಾರುವವನಿಗೂ ನೇರವಾಗಿ ನಡೆಯುವ ವ್ಯವಹಾರವನ್ನು ನೋಡಬೇಕಾದರೆ ನಗರದ ಒಳಗಣ ಪೇಟೆಗಳಿಗೆ ಹೋಗತಕ್ಕದ್ದು. ಮುಂದೆ ವರ್ಣಿಸಿರುವ ನಾಲ್ಕು ಪೇಟೆಗಳೂ ನಗರದ ಸುರಂಗ ರೈಲಿನ ಒಂದೇ ದಾರಿಯ ಮೇಲಿರುವುದರಿಂದ, ಶನಿವಾರ ಅಥವಾ ಭಾನುವಾರ ಹೊರಟವನು ಕತ್ತಲಾಗುವುದರೊಳಗಾಗಿ ಇವೆಲ್ಲವನ್ನೂ ನೋಡಿ ಹಿಂದಿರುಗಬಹುದು.

ನಸುಕಿನ ಹೂವಿನ ಪೇಟೆ

ಮೊದಲನೆಯದು ನದಿಯ ದಡದಲ್ಲಿರುವ ಪಾಕ್ ಕ್ಲಾಂಗ್ ತಲಾತ್. ಈ ಹೆಸರಿಗೆ ಕಾಲುವೆಯ ಬಾಯಲ್ಲಿರುವ ಪೇಟೆ ಎಂದರ್ಥ. ಹಿಂದೆ ಇಲ್ಲಿ ಮೀನಿನ ವ್ಯಾಪಾರವೂ ಅನಂತರ ತರಕಾರಿಯ ವ್ಯಾಪಾರವೂ ಇದ್ದು, ಈಗ ಇದು ಆ ನಗರದ ಮುಖ್ಯ ಹೂವಿನ ಪೇಟೆಯಾಗಿದೆ. ಕಾಲುದಾರಿಯ ಮೇಲೆ ಕುಳಿತು ಮಾರುತ್ತಿದ್ದವರನ್ನು 2016ರಲ್ಲಿ ನಗರದ ಆಡಳಿತವು ತೆರವು ಮಾಡಿಸಿತು. ಕಟ್ಟಡಗಳ ಒಳಗೆ ವ್ಯಾಪಾರವು ಮುಂದುವರಿದಿದೆ. ಹೂವಿನ ಹೊರೆಗಳು ರಾತ್ರಿಯೇ ಬಂದು ಸೇರುವುವು. ನಖೋನ್ ಪಥೋಮ್, ಸಮುತ್ ಸಾಖೋನ್ ಪ್ರಾಂತಗಳಿಂದ ಸೀತಾಳೆ ಹೂವುಗಳೂ, ತಾಕ್ ಪ್ರಾಂತದ ಬೆಟ್ಟದ ಸೀಮೆಯಿಂದ ಗುಲಾಬಿಗಳೂ, ಇತರ ಕಡೆಗಳಿಂದ ಚೆಂಡುಹೂವು, ಮಲ್ಲಿಗೆ, ತಾವರೆಮೊಗ್ಗುಗಳೂ ಬರುತ್ತವೆ.

ಈ ನಾಡಿನ ರೈತನಿಗೆ ಅಲ್ಲಿ ಆಶ್ಚರ್ಯವನ್ನುಂಟುಮಾಡುವ ಸರಕೊಂದುಂಟು. ಅದೇ ಎಕ್ಕದ ಹೂವು. ಹಳ್ಳಿಗಳ ಬೀಳುಭೂಮಿಯಲ್ಲಿ ತಾನಾಗಿ ಬೆಳೆದು ದನಗಳೂ ಮುಟ್ಟದಿರುವ ಈ ಗಿಡವನ್ನು ಅಲ್ಲಿಯ ರೈತರು ಸಾಲಿನಲ್ಲಿ ನೆಟ್ಟು ಸಾಗುವಳಿ ಮಾಡುವರು. ಅದರ ಹೂವಿಗೆ ಅವರ ಭಾಷೆಯಲ್ಲಿ ‘ದೋಕ್ ರಕ್’ ಎಂದು ಹೆಸರು. ‘ರಕ್’ ಎಂದರೆ ಪ್ರೀತಿ ಎಂಬ ಅರ್ಥವೂ ಇರುವುದರಿಂದ ಮದುವೆಯ ಹಾರಗಳಿಗೂ ದೇವಾಲಯದ ಮಾಲೆಗಳಿಗೂ ಈ ಹೂವು ಬೇಕೇ ಬೇಕು. ಬೆಲೆಯು ಸರಕಿನ ಸ್ವಭಾವದಿಂದ ಮಾತ್ರ ಹುಟ್ಟುವುದಿಲ್ಲ, ಕೊಳ್ಳುವವನ ಅಗತ್ಯದಿಂದ ಹುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ದೊರೆಯಲಾರದು.

ಇಲ್ಲಿ ಬೆಲೆಯನ್ನು ಆಳುವುದು ಕಾಲವೇ. ಮಲ್ಲಿಗೆಯನ್ನು ಮೊಗ್ಗಾಗಿರುವಾಗಲೇ ಕೊಯ್ದು ಮಂಜುಗಡ್ಡೆಯ ತಂಪಿನಲ್ಲಿಟ್ಟು ತೂಕದಿಂದ ಮಾರುವರು. ಮೊಗ್ಗು ಬಿಗಿಯಾಗಿರುವವರೆಗೆ ಹಾರ ಕಟ್ಟುವ ಹೆಂಗಸರು ಹೆಚ್ಚು ಮಾತನಾಡದೆ ಕೊಳ್ಳುವರು. ಅವರು ಬೆಳಗಾಗುವುದರೊಳಗೆ ಹಾರ ಕಟ್ಟಿ ದೇವಾಲಯದ ಮುಂದೆ ಕೂಡಬೇಕಾಗಿರುವುದರಿಂದ ಚೌಕಾಸಿಗೆ ಸಮಯವಿಲ್ಲ. ಬಿಸಿಲೇರಿ ಮೊಗ್ಗು ಅರಳಿದರೆ ಅದೇ ಹೂವನ್ನು ಕೇಳುವವರಿಲ್ಲ. ಆಗ ಮಾರುವವನೇ ಗಿರಾಕಿಯನ್ನು ಕರೆದು ಬೆಲೆಯನ್ನು ಇಳಿಸುವನು. ವರುಷದ ಲೆಕ್ಕದಲ್ಲಿಯೂ ಇದೇ ನಿಯಮವು ಕಾಣುವುದು. ಚಳಿಗಾಲದಲ್ಲಿ ಮಲ್ಲಿಗೆಯು ಕಡಿಮೆ ಬಿಡುವುದರಿಂದ ಬೆಲೆ ಏರುವುದು. ಆಗಸ್ಟ್ 12ನೆಯ ದಿನ ಆ ದೇಶದಲ್ಲಿ ತಾಯಂದಿರ ದಿನವಾಗಿದ್ದು ಮಕ್ಕಳೆಲ್ಲರೂ ತಾಯಿಗೆ ಮಲ್ಲಿಗೆಯನ್ನು ಅರ್ಪಿಸುವ ಸಂಪ್ರದಾಯವಿರುವುದರಿಂದ ಆ ವಾರ ಬೆಲೆ ಮತ್ತೆ ಏರುವುದು. ಹುಣ್ಣಿಮೆ, ಅಮಾವಾಸ್ಯೆ, ಅಷ್ಟಮಿಗಳಲ್ಲಿ ಬೌದ್ಧರು ದೇವಾಲಯಕ್ಕೆ ಹೋಗುವರಾದುದರಿಂದ ಆ ದಿನಗಳ ಹಿಂದಿನ ರಾತ್ರಿ ಪೇಟೆಯು ಬಿರುಸಾಗಿರುವುದು. ಪಂಚಾಂಗವನ್ನು ನೋಡಿ ಗಿಡವನ್ನು ಸವರಿ ಗೊಬ್ಬರ ಹಾಕಿದ ಬೆಳೆಗಾರನಿಗೂ, ಬಂದಾಗ ಕೊಯ್ದು ತಂದವನಿಗೂ ದೊರೆಯುವ ಹಣದಲ್ಲಿ ಬಹಳ ಅಂತರವಿರುವುದು.

ತೂಕದ ನಂಬಿಕೆ

ಬೆಳಗಿನ ಹೊತ್ತಿಗೆ ಕ್ಲಾಂಗ್ ತೊಯಿ ಎಂಬ ಪೇಟೆಗೆ ಹೋದರೆ ಬೇರೆ ನೋಟವು ಕಾಣುವುದು. ಇದು ಬಂದರಿನ ಸಮೀಪದಲ್ಲಿದ್ದು, ಮಾಂಸ, ಮೀನು, ಸೊಪ್ಪು, ಮೆಣಸಿನಕಾಯಿ, ಅಕ್ಕಿ ಮೊದಲಾದ ದಿನಬಳಕೆಯ ಸರಕುಗಳೆಲ್ಲವೂ ನಗರದ ಇತರ ಪೇಟೆಗಳಿಗಿಂತ ಅಗ್ಗವಾಗಿ ದೊರೆಯುವ ಸ್ಥಳವೆಂದು ಹೆಸರಾಗಿದೆ. ಉಪಾಹಾರದ ಅಂಗಡಿಗಳವರೂ ಬೀದಿಯಲ್ಲಿ ಅಡುಗೆ ಮಾಡಿ ಮಾರುವವರೂ ಇಲ್ಲಿಯ ಮುಖ್ಯ ಗಿರಾಕಿಗಳು. ನೆಲವು ಒದ್ದೆ, ದಾರಿಯು ಇಕ್ಕಟ್ಟು. ಅಲಂಕಾರಕ್ಕೆ ಇಲ್ಲಿ ಯಾರೂ ಹಣವನ್ನು ಕೊಡುವುದಿಲ್ಲ. ದಿನವೂ ಬರುವ ಗಿರಾಕಿಗೆ ಬೆಲೆಯು ಗೊತ್ತು, ಅಂಗಡಿಯವನಿಗೆ ಗಿರಾಕಿಯು ಗೊತ್ತು. ಆದುದರಿಂದ ಸೊಪ್ಪು ತರಕಾರಿಗಳಿಗೆ ದೀರ್ಘವಾದ ಚೌಕಾಸಿ ನಡೆಯುವುದಿಲ್ಲ. ಹೆಚ್ಚೆಂದರೆ ಒಂದು ಹಿಡಿ ಕೊತ್ತಂಬರಿಯನ್ನೋ ನಾಲ್ಕು ಮೆಣಸಿನಕಾಯಿಯನ್ನೋ ಮೇಲೆ ಹಾಕಿಕೊಡುವರು.

ಇಂತಹ ಪೇಟೆಗಳಲ್ಲಿ ಗಡಿಯಾರದಂತೆ ಮುಳ್ಳು ತಿರುಗುವ ತಕ್ಕಡಿಗಳನ್ನು ಬಳಸುತ್ತಾರೆ. ಮುಳ್ಳನ್ನು ಅಥವಾ ಒಳಗಣ ತಂತಿಯನ್ನು ತಿದ್ದಿ ಮೋಸಮಾಡುವ ಸಂಭವವಿರುವುದರಿಂದ, ಆ ದೇಶದ ವಾಣಿಜ್ಯ ಶಾಖೆಯವರು ಅನೇಕ ಪೇಟೆಗಳಲ್ಲಿ ಮಧ್ಯಸ್ಥದ ತಕ್ಕಡಿಯನ್ನು ಇಡಿಸಿದ್ದಾರೆ. ಸಂಶಯಪಟ್ಟ ಗಿರಾಕಿಯು ತಾನು ಕೊಂಡುದನ್ನು ಅಲ್ಲಿ ಮತ್ತೆ ತೂಗಿ ನೋಡಿಕೊಳ್ಳಬಹುದು, ಅದಕ್ಕೆ ಖರ್ಚಿಲ್ಲ. ಇದರ ಪ್ರಯೋಜನವು ಗಿರಾಕಿಗೆ ಮಾತ್ರವೆಂದು ತಿಳಿಯಬಾರದು. ತೂಕದಲ್ಲಿ ನಂಬಿಕೆಯಿಲ್ಲದ ಪೇಟೆಯಲ್ಲಿ ಗಿರಾಕಿಯು ಕಳೆದುಹೋಗಬಹುದಾದ ತೂಕವನ್ನು ಮೊದಲೇ ಲೆಕ್ಕಹಾಕಿ ಬೆಲೆಯನ್ನು ಕೆಳಗೆ ಕೇಳುವನು. ಆ ಕಡಿತವು ಮೋಸಮಾಡದ ವ್ಯಾಪಾರಿಯ ಮೇಲೂ, ಅವನ ಮೂಲಕ ಬೆಳೆಗಾರನ ಮೇಲೂ ಬೀಳುವುದು. ನ್ಯಾಯವಾದ ತಕ್ಕಡಿಯು ನ್ಯಾಯವಾದ ಮಾರಾಟಗಾರನಿಗೇ ಮೊದಲ ರಕ್ಷಣೆ.

ಚೌಕಾಸಿಯಿಲ್ಲದ ಪೇಟೆ

ಅಲ್ಲಿಂದ ಉತ್ತರಕ್ಕೆ ಸಾಗಿ ಕಂಫೇಂಗ್ ಫೆತ್ ಎಂಬ ರೈಲು ನಿಲ್ದಾಣದಲ್ಲಿ ಇಳಿದರೆ ಎದುರಿಗೇ ಓರ್ ತೋರ್ ಕೋರ್ ಪೇಟೆಯುಂಟು. ಈ ಹೆಸರು ರೈತರ ಮಾರಾಟ ಸಂಸ್ಥೆಯ ಥಾಯಿ ಹೆಸರಿನ ಮೊದಲಕ್ಷರಗಳಿಂದಾದುದು. ಆ ಸಂಸ್ಥೆಯನ್ನು 1974ರಲ್ಲಿ ವ್ಯವಸಾಯ ಮತ್ತು ಸಹಕಾರ ಮಂತ್ರಿ ಶಾಖೆಯ ಅಧೀನದಲ್ಲಿ ಏರ್ಪಡಿಸಿದರು. ಪೇಟೆಯು ಎತ್ತರವಾದ ಮಾಡಿನಿಂದಲೂ ಒಣಗಿದ ಶುಚಿಯಾದ ನೆಲದಿಂದಲೂ ಕೂಡಿದೆ. ಹಣ್ಣುಗಳನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸಿ ಸಾಲಾಗಿ ಜೋಡಿಸಿ, ಕಿಲೋಗ್ರಾಮಿನ ಬೆಲೆಯನ್ನು ಬರೆದಿಟ್ಟಿರುತ್ತಾರೆ. ಇಲ್ಲಿಯ ಬೆಲೆಯು ನಗರದ ಸಾಮಾನ್ಯ ಪೇಟೆಗಳಿಗಿಂತ ಬಹಳ ಹೆಚ್ಚು. ಆದರೂ ಗಿರಾಕಿಗಳು ಬೆಲೆಯನ್ನು ಓದಿ, ಬೇಕಾದುದನ್ನು ಆರಿಸಿ, ಹಣವನ್ನು ಕೊಟ್ಟು ಹೋಗುವರು.

ಇದರ ಕಾರಣವನ್ನು ಡುರಿಯನ್ ಹಣ್ಣಿನ ವ್ಯಾಪಾರದಿಂದ ತಿಳಿಯಬಹುದು. ಇದು ಹಲಸಿನಂತೆ ಮುಳ್ಳುಸಿಪ್ಪೆಯುಳ್ಳ, ಗಾಢವಾದ ವಾಸನೆಯ ಹಣ್ಣು. ಚಂತಬುರಿ, ರಯೋಂಗ್, ತ್ರಾತ್ ಎಂಬ ಪೂರ್ವ ಪ್ರಾಂತಗಳಿಂದ ಬೇಸಗೆಯಲ್ಲಿ ಹೆಚ್ಚಾಗಿ ಬರುತ್ತದೆ. ಸಿಪ್ಪೆಯ ಭಾರವೇ ಹೆಚ್ಚಾಗಿದ್ದು ತಿನ್ನತಕ್ಕ ತೊಳೆಯು ಒಟ್ಟು ತೂಕದ ಮೂರನೆಯ ಒಂದು ಪಾಲು ಅಥವಾ ಅದಕ್ಕೂ ಕಡಿಮೆಯಾಗಿರುವುದು. ಹೊರಗಿನಿಂದ ನೋಡಿದವನಿಗೆ ಒಳಗಣ ಗುಣವು ತಿಳಿಯದು. ಉದಾಹರಣೆಗೆ, ಬಾತ್ ಎಂಬ ಅಲ್ಲಿಯ ನಾಣ್ಯದಲ್ಲಿ ಕಿಲೋಗೆ 150ರಂತೆ ಮೂರು ಕಿಲೋ ತೂಕದ ಒಳ್ಳೆಯ ಹಣ್ಣೊಂದನ್ನು ಕೊಂಡರೆ 450 ಬಾತಿಗೆ ಒಂದು ಕಿಲೋ ತೊಳೆ ದೊರೆಯಿತೆಂದು ಭಾವಿಸೋಣ. ಇನ್ನೊಬ್ಬನು ಚೌಕಾಸಿ ಮಾಡಿ ಕಿಲೋಗೆ 120ರಂತೆ ಅಷ್ಟೇ ತೂಕದ ಹಣ್ಣನ್ನು 360 ಬಾತಿಗೆ ತಂದನು. ಒಡೆದು ನೋಡಲಾಗಿ 600 ಗ್ರಾಂ ತೊಳೆ ಮಾತ್ರ ಇದ್ದಿತು. ಅವನಿಗೆ ತೊಳೆಯು ಕಿಲೋಗೆ 600 ಬಾತಿನಂತೆ ಬಿದ್ದಿತು. ಅಗ್ಗವಾಗಿ ಕೊಂಡೆನೆಂದು ಹಿಗ್ಗಿದವನೇ ಹೆಚ್ಚು ತೆತ್ತವನಾದನು.

ಓರ್ ತೋರ್ ಕೋರ್ ಪೇಟೆಯ ವ್ಯಾಪಾರಿಯು ಈ ಸಂಶಯವನ್ನು ತಾನೇ ಪರಿಹರಿಸುವನು. ಕೋಲಿನಿಂದ ಹಣ್ಣನ್ನು ತಟ್ಟಿ ಶಬ್ದದಿಂದ ಪಕ್ವತೆಯನ್ನು ಗುರುತಿಸಿ, ಒಡೆದು, ತೊಳೆಯನ್ನು ತಟ್ಟೆಯಲ್ಲಿಟ್ಟು ಕಣ್ಣಮುಂದೆ ತೂಗಿ ಮಾರುವನು. ಬೆಳೆಗಾರನ ಹಂತದಲ್ಲಿಯೂ ಪರೀಕ್ಷೆಯುಂಟು. ಮೊನ್ ಥಾಂಗ್ ಎಂಬ ಪ್ರಸಿದ್ಧ ತಳಿಯು ಬಲಿತಿದೆಯೆನ್ನಬೇಕಾದರೆ ತಿರುಳಿನ ಒಣ ಅಂಶವು ಶೇಕಡಾ 32ಕ್ಕೆ ಕಡಿಮೆಯಿರಬಾರದೆಂಬ ಅಳತೆಯನ್ನು ಗೊತ್ತುಮಾಡಿದ್ದಾರೆ. ಎಂದರೆ 100 ಗ್ರಾಂ ತಿರುಳನ್ನು ಒಣಗಿಸಿದರೆ 32 ಗ್ರಾಂ ಆದರೂ ಉಳಿಯಬೇಕು. ಬಲಿಯದ ಹಣ್ಣನ್ನು ಬಲಿತುದೆಂದು ನಂಬಿಸಿ ಮಾರುವುದು ಅಲ್ಲಿಯ ದಂಡಸಂಹಿತೆಯಂತೆ ಅಪರಾಧವಾಗಿದ್ದು, ಮೂರು ವರ್ಷಗಳವರೆಗೆ ಸೆರೆವಾಸವನ್ನೂ 60,000 ಬಾತುಗಳವರೆಗೆ ದಂಡವನ್ನೂ ವಿಧಿಸಲು ಅವಕಾಶವಿದೆ. ಅವಸರದ ಬೆಲೆಗೆ ಆಸೆಪಟ್ಟು ಕೆಲವರು ಎಳೆಯ ಕಾಯಿಯನ್ನು ಕೊಯ್ದು ಕಳುಹಿಸಿದರೆ, ಅದನ್ನು ತಿಂದು ನಿರಾಶರಾದ ಗಿರಾಕಿಗಳು ಇಡೀ ಪ್ರಾಂತದ ಹಣ್ಣನ್ನೇ ಬಿಡುವರೆಂಬ ಭಯವೇ ಈ ಕಟ್ಟುನಿಟ್ಟಿಗೆ ಕಾರಣವು.

ಚಾತುಚಕ್ ಸಂತೆ

ಓರ್ ತೋರ್ ಕೋರ್ ಪೇಟೆಯಿಂದ ರಸ್ತೆಯನ್ನು ದಾಟಿದರೆ ಚಾತುಚಕ್ ವಾರದ ಸಂತೆಯು ಪ್ರಾರಂಭವಾಗುವುದು. ಈ ಸಂತೆಯು 1948ರಿಂದ ಬಹುಕಾಲ ಅರಮನೆಯ ಬಳಿಯ ಸನಂ ಲುವಾಂಗ್ ಮೈದಾನದಲ್ಲಿ ನಡೆಯುತ್ತಿದ್ದು, 1982ರಲ್ಲಿ ಈಗಿನ ಸ್ಥಳಕ್ಕೆ ಬಂದಿತು. ಶನಿವಾರ ಮತ್ತು ಭಾನುವಾರಗಳಲ್ಲಿ ಪೂರ್ಣವಾಗಿ ನಡೆಯುವ ಇದರಲ್ಲಿ 27 ವಿಭಾಗಗಳೂ ಸಾವಿರಾರು ಅಂಗಡಿಗಳೂ ಉಂಟು. ಬಟ್ಟೆ, ಮಡಕೆ, ಮರದ ಸಾಮಾನು, ಹಳೆಯ ವಸ್ತು, ಪುಸ್ತಕ, ಅಡುಗೆಯ ಪಾತ್ರೆ ಎಲ್ಲವೂ ದೊರೆಯುತ್ತವೆ. ಬುಧವಾರ ಗುರುವಾರಗಳಲ್ಲಿ ಗಿಡಗಳ ಮಾರಾಟವು ನಡೆಯುವುದು. ಓಣಿಗಳು ಒಂದನ್ನೊಂದು ಹೋಲುವುದರಿಂದ ದಾರಿ ತಪ್ಪಿದವರು ನಡುವಣ ಗಡಿಯಾರದ ಗೋಪುರವನ್ನು ಗುರುತಾಗಿಟ್ಟುಕೊಳ್ಳುವರು.

ಇಲ್ಲಿ ಚೌಕಾಸಿಯೇ ಪದ್ಧತಿ. ಕಾರಣವು ಸ್ಪಷ್ಟವಾಗಿದೆ. ಕೈಯಿಂದ ಮಾಡಿದ ಒಂದು ಬುಟ್ಟಿಗೂ ಇನ್ನೊಂದಕ್ಕೂ ಹೋಲಿಕೆಯಿಲ್ಲ, ತೂಕದಿಂದ ಅಳೆಯುವಂತಿಲ್ಲ, ದೂರದಿಂದ ಬಂದ ಗಿರಾಕಿಗೆ ವಾಡಿಕೆಯ ಬೆಲೆಯು ತಿಳಿಯದು. ಆದುದರಿಂದ ಬೆಲೆಯನ್ನು ಇಬ್ಬರೂ ಕೂಡಿ ಹುಡುಕಬೇಕಾಗುವುದು. ಭಾಷೆ ತಿಳಿಯದಿದ್ದರೆ ಅಂಗಡಿಯವನು ಲೆಕ್ಕದ ಯಂತ್ರದಲ್ಲಿ ಅಂಕಿಗಳನ್ನು ಒತ್ತಿ ತೋರಿಸುವನು, ಗಿರಾಕಿಯು ಅದರಲ್ಲಿಯೇ ತನ್ನ ಅಂಕಿಯನ್ನು ಒತ್ತುವನು. ಕೂಗಾಟಕ್ಕೆ ಅಲ್ಲಿ ಮರ್ಯಾದೆಯಿಲ್ಲ. ನಗುಮುಖದಿಂದ ಕೇಳಿದವನಿಗೆ ಸ್ವಲ್ಪ ಬಿಡುವರು. ಸರಕನ್ನು ಹಳಿದು ಕೇಳಿದವನಿಗೆ ಏನೂ ಬಿಡರು. ತಾನು ಕೇಳಿದ ಬೆಲೆಗೆ ಅಂಗಡಿಯವನು ಒಪ್ಪಿದ ಮೇಲೆ ಕೊಳ್ಳದೆ ಹೋಗುವುದು ಅಸಭ್ಯತೆಯೆನಿಸುವುದು.

ಬಟ್ಟೆಯ ಅನೇಕ ಅಂಗಡಿಗಳಲ್ಲಿ ಎರಡು ಬೆಲೆಗಳನ್ನು ಬರೆದಿರುವರು: ಒಂದನ್ನೇ ಕೊಳ್ಳುವವನಿಗೆ ಚಿಲ್ಲರೆಯ ಬೆಲೆ, ಮೂರು ಅಥವಾ ಹೆಚ್ಚು ಕೊಳ್ಳುವವನಿಗೆ ಸಗಟಿನ ಬೆಲೆ. ಪ್ರತಿಯೊಬ್ಬನೊಡನೆಯೂ ವಾದಿಸುವ ಶ್ರಮವನ್ನು ತಪ್ಪಿಸಲು ರಿಯಾಯಿತಿಯನ್ನೇ ನಿಯಮವನ್ನಾಗಿ ಮಾಡಿದ ಉಪಾಯವಿದು. ಇನ್ನು ಬೋಣಿಯ ನಂಬಿಕೆಯು ಈ ನಾಡಿನಲ್ಲಿರುವಂತೆಯೇ ಅಲ್ಲಿಯೂ ಉಂಟು. ದಿನದ ಮೊದಲ ಗಿರಾಕಿಯನ್ನು ಬರಿಗೈಯಲ್ಲಿ ಕಳುಹಿಸುವುದು ಒಳ್ಳೆಯದಲ್ಲವೆಂದು ಭಾವಿಸಿ ಕಡಿಮೆ ಬೆಲೆಗೂ ಕೊಡುವರು. ಬಂದ ನೋಟಿನಿಂದ ಉಳಿದ ಸರಕುಗಳನ್ನೆಲ್ಲಾ ಮೆಲ್ಲಗೆ ತಟ್ಟಿ, ಅವೂ ಹಾಗೆಯೇ ಮಾರಾಟವಾಗಲೆಂದು ಹಾರೈಸುವರು.

ನಾಲ್ಕು ಪೇಟೆಗಳಿಂದ ತಿಳಿಯುವ ವಿಷಯ

ಮೇಲೆ ಹೇಳಿದುದನ್ನು ಒಟ್ಟಿಗೆ ವಿಚಾರಮಾಡಿದರೆ, ಬೆಲೆಯು ಇಳಿಯುವುದಕ್ಕೆ ನಾಲ್ಕು ಮುಖ್ಯ ಕಾರಣಗಳು ಕಾಣುತ್ತವೆ. ಮೊದಲನೆಯದು ಕಾಲ: ಕೆಡುವ ಸರಕು ತಡವಾದಷ್ಟೂ ಮಾರುವವನ ಬಲವು ಕುಂದುವುದು. ಎರಡನೆಯದು ಪ್ರಮಾಣ: ಹೆಚ್ಚು ಕೊಳ್ಳುವವನಿಗೆ ಕಡಿಮೆ ಬೆಲೆ. ಮೂರನೆಯದು ತೂಕದಲ್ಲಿ ಸಂಶಯ. ನಾಲ್ಕನೆಯದೂ ಎಲ್ಲಕ್ಕಿಂತ ದೊಡ್ಡದೂ ಯಾವುದೆಂದರೆ ಗುಣದಲ್ಲಿ ಸಂಶಯ. ಮೊದಲನೆಯ ಎರಡು ಸ್ವಾಭಾವಿಕವಾದುವು; ಅವುಗಳನ್ನು ತಿಳಿದು ನಡೆಯಬಹುದೇ ಹೊರತು ತಪ್ಪಿಸಲಾಗದು. ಕೊನೆಯ ಎರಡನ್ನು ಮಾರುವವನೇ ತನ್ನ ಕೈಯಿಂದ ಹೋಗಲಾಡಿಸಬಹುದು. ಚಾತುಚಕ್ ಸಂತೆಯಲ್ಲಿ ಚೌಕಾಸಿ ಮಾಡಿ ಬೆವರಿದ ಗಿರಾಕಿಯೇ ರಸ್ತೆಯನ್ನು ದಾಟಿ ಓರ್ ತೋರ್ ಕೋರ್ ಪೇಟೆಗೆ ಬಂದು ಬರೆದ ಬೆಲೆಯನ್ನು ತೆತ್ತು ಹಣ್ಣನ್ನು ಕೊಳ್ಳುವನು. ಮನುಷ್ಯನು ಬದಲಾಗಲಿಲ್ಲ, ಅವನ ಸಂಶಯವು ನಿವಾರಣೆಯಾಯಿತು.

ವಿಂಗಡಿಸದ ಸರಕಿನಿಂದಾಗುವ ನಷ್ಟವನ್ನು ಒಂದು ಲೆಕ್ಕದಿಂದ ತೋರಿಸಬಹುದು. ಒಬ್ಬ ರೈತನು 100 ಕಿಲೋ ಮಾವಿನಹಣ್ಣನ್ನು ಪೇಟೆಗೆ ತಂದನೆಂದಿಟ್ಟುಕೊಳ್ಳಿರಿ. ಅದರಲ್ಲಿ 70 ಕಿಲೋ ಒಳ್ಳೆಯದು. 30 ಕಿಲೋ ಸಣ್ಣದು ಅಥವಾ ಪೆಟ್ಟುಬಿದ್ದುದು. ಬೇರೆಬೇರೆಯಾಗಿ ಮಾರಿದರೆ ಒಳ್ಳೆಯದಕ್ಕೆ ಕಿಲೋಗೆ 60 ರೂಪಾಯಿನಂತೆ 4,200 ರೂಪಾಯಿಯೂ, ಉಳಿದುದಕ್ಕೆ 30 ರೂಪಾಯಿನಂತೆ 900 ರೂಪಾಯಿಯೂ, ಒಟ್ಟು 5,100 ರೂಪಾಯಿ ದೊರೆಯುವುದು. ಬೆರಸಿ ರಾಶಿ ಹಾಕಿದರೆ ಕೊಳ್ಳುವವನು ಪೆಟ್ಟುಬಿದ್ದ ಹಣ್ಣನ್ನೇ ಎತ್ತಿ ತೋರಿಸಿ ರಾಶಿಗೆಲ್ಲಾ ಕಿಲೋಗೆ 40 ರೂಪಾಯಿ ಕಟ್ಟುವನು. 4,000 ರೂಪಾಯಿ ಬರುವುದು. ವ್ಯತ್ಯಾಸವಾದ 1,100 ರೂಪಾಯಿಯಲ್ಲಿ ವಿಂಗಡಿಸುವ ಆಳಿನ ಕೂಲಿ 300 ಎಂದು ಕಳೆದರೂ 800 ರೂಪಾಯಿ ರೈತನಿಗೆ ನಿಲ್ಲುತ್ತಿದ್ದಿತು. ಆ ಹಣವು ಹಾಳಾಗುವುದಿಲ್ಲ; ಅದೇ ರಾಶಿಯನ್ನು ಮರುದಿನ ವಿಂಗಡಿಸಿ ಮಾರುವ ವ್ಯಾಪಾರಿಯ ಪೆಟ್ಟಿಗೆಯನ್ನು ಸೇರುವುದು.

ಹಳ್ಳಿಗಳಲ್ಲಿ ಅನುಸರಿಸತಕ್ಕ ಕ್ರಮಗಳು

ದೂರದೇಶದ ಪೇಟೆಯನ್ನು ಇಲ್ಲಿ ಕಟ್ಟಬೇಕೆಂದು ಯಾರೂ ಹೇಳುವುದಿಲ್ಲ. ಬೆಳೆಗಾರರೇ ಕೂಡಿ ಮಾರುವ ಪದ್ಧತಿಯು ಈ ನಾಡಿಗೆ ಹೊಸದೂ ಅಲ್ಲ. ಬೆಂಗಳೂರಿನ ಸುತ್ತಣ ದ್ರಾಕ್ಷಿ ಬೆಳೆಗಾರರು ದಲ್ಲಾಳಿಗಳ ಬಾಧೆಯಿಂದ ಪಾರಾಗಲು 1959ರಲ್ಲಿ ಸ್ಥಾಪಿಸಿದ ಸಹಕಾರ ಸಂಘವೇ ಬೆಳೆದು ಹಾಪ್‌ಕಾಮ್ಸ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಅದರ ಮಳಿಗೆಗಳಲ್ಲಿ ಬೆಲೆಯನ್ನು ಹಲಗೆಯ ಮೇಲೆ ಬರೆದು ತೂಕದಿಂದ ಮಾರುವುದನ್ನು ಎಲ್ಲರೂ ಕಂಡಿದ್ದಾರೆ. ಅದೇ ನಿಯಮವನ್ನು ಗ್ರಾಮದಿಂದಲೇ ಪ್ರಾರಂಭಿಸುವುದು ಯುಕ್ತವು. ಇದಕ್ಕಾಗಿ ಗ್ರಾಮದ ಮುಖಂಡರು ಈ ಕೆಳಗಿನ ಕ್ರಮಗಳನ್ನು ಕೈಕೊಳ್ಳಬಹುದು.

1. ಮುದ್ರೆಯೊತ್ತಿಸಿದ ಒಂದು ಒಳ್ಳೆಯ ತಕ್ಕಡಿಯನ್ನು ಗ್ರಾಮದ ಸಹಕಾರ ಸಂಘದಲ್ಲಿಯೋ ಚಾವಡಿಯಲ್ಲಿಯೋ ಇಡಿಸಿ, ಗಾಡಿ ಹೊರಡುವ ಮೊದಲು ಪ್ರತಿಯೊಬ್ಬನ ಸರಕನ್ನೂ ತೂಗಿ ಚೀಟಿಯನ್ನು ಕೊಡಿಸತಕ್ಕದ್ದು. ತನ್ನ ಸರಕಿನ ತೂಕವನ್ನು ತಿಳಿಯದೆ ಮಂಡಿಗೆ ಹೋಗುವವನು ಮೊದಲೇ ಅರ್ಧ ಸೋತವನು.

2. ಕೊಯ್ಲಿನ ಸ್ಥಳದಲ್ಲಿಯೇ ನೆರಳಿನಲ್ಲಿ ಸರಕನ್ನು ಎರಡು ಅಥವಾ ಮೂರು ದರ್ಜೆಗಳಾಗಿ ವಿಂಗಡಿಸತಕ್ಕದ್ದು. ಮೇಲೆ ಒಳ್ಳೆಯದನ್ನಿಟ್ಟು ಕೆಳಗೆ ಕೆಟ್ಟದನ್ನು ಮರೆಮಾಡುವುದರಿಂದ ಒಂದು ದಿನದ ಲಾಭವೂ ವರುಷದ ನಷ್ಟವೂ ಉಂಟಾಗುವುವು.

3. ಎಳೆಯ ಕಾಯಿಯನ್ನು ಕೊಯ್ದು ಕಳುಹಿಸದಂತೆ ಬೆಳೆಗಾರರೆಲ್ಲರೂ ಕೂಡಿ ಕೊಯ್ಲಿನ ದಿನವನ್ನು ಗೊತ್ತುಮಾಡಿಕೊಳ್ಳುವುದು ಉತ್ತಮ. ಒಬ್ಬನ ಆತುರದಿಂದ ಊರಿನ ಸರಕಿಗೆಲ್ಲಾ ಕೆಟ್ಟ ಹೆಸರು ಬರುವುದು.

4. ಹೂವು, ಸೊಪ್ಪುಗಳನ್ನು ತಂಪಿನ ಹೊತ್ತಿನಲ್ಲಿ ಕೊಯ್ದು, ಪೇಟೆ ತೆರೆಯುವ ವೇಳೆಗೆ ಸೇರುವಂತೆ ಐದಾರು ಮಂದಿ ಕೂಡಿ ಒಂದೇ ವಾಹನವನ್ನು ಗೊತ್ತುಮಾಡತಕ್ಕದ್ದು. ಒಬ್ಬೊಬ್ಬನೂ ಬೇರೆಬೇರೆಯಾಗಿ ತಡವಾಗಿ ಹೋದರೆ ಬಾಡಿಗೆಯೂ ಹೆಚ್ಚು, ಬೆಲೆಯೂ ಕಡಿಮೆ.

5. ಮುಂದಿನ ವರುಷದ ಹಬ್ಬಹರಿದಿನಗಳ ಪಟ್ಟಿಯನ್ನು ನೋಡಿ ನಾಟಿಯನ್ನೂ ಗಿಡ ಸವರುವುದನ್ನೂ ನಿಶ್ಚಯಿಸತಕ್ಕದ್ದು.

ಇವುಗಳಲ್ಲಿ ಮೊದಲನೆಯ ಎರಡಕ್ಕೆ ಬೇಕಾದುದು ಒಂದು ತಕ್ಕಡಿಯೂ ಕೆಲವು ಬುಟ್ಟಿಗಳೂ ಮಾತ್ರ. ಬರುವ ಮಾವಿನ ಕೊಯ್ಲಿನಲ್ಲಿ ಒಂದೇ ತೋಟದ ಹಣ್ಣನ್ನು ಅರ್ಧಭಾಗ ವಿಂಗಡಿಸಿಯೂ ಅರ್ಧಭಾಗ ಬೆರಸಿಯೂ ಒಂದೇ ದಿನ ಒಂದೇ ಮಂಡಿಗೆ ಕಳುಹಿಸಿ, ಬಂದ ಹಣವನ್ನು ಗ್ರಾಮಸ್ಥರ ಮುಂದೆ ಲೆಕ್ಕಹಾಕಿ ತೋರಿಸಿದರೆ, ಹೆಚ್ಚಿನ ಉಪದೇಶದ ಅಗತ್ಯವಿರುವುದಿಲ್ಲ.